ಕೆಲಸ ಕೊಟ್ಟು ಮರೆತುಬಿಡಬಹುದಾ?

ಓದು ಮುಗಿಯುವ ಹೊತ್ತಿಗೆ ಬಂದಿರುವ ಹುಡುಗ ಹುಡುಗಿಯರಿಂದ ನನಗೆ ಜಾಸ್ತಿ ಬರುವುದು ಒಂದೇ ಬೇಡಿಕೆ: 'ನನ್ನ ಪ್ರೊಫೈಲ್ ಸ್ವಲ್ಪ ನೋಡಿ ಹೇಳ್ತೀರಾ?' ನೋಡುತ್ತೇನೆ. ಒಳ್ಳೆಯ ಫೋಟೋ ಇರುತ್ತದೆ, ಹಿಂದುಗಡೆ ಮಸುಕು ಮಾಡಿದ ಗೋಡೆ. ಹೆಸರಿನ ಕೆಳಗೆ ಸಾಲಾಗಿ ಬಿರುದುಗಳು: ಇನ್ನೋವೇಟರ್, ಲೀಡರ್, ಚೇಂಜ್‌ಮೇಕರ್. ಇಪ್ಪತ್ತೊಂದು ವರ್ಷಕ್ಕೇ ಇಷ್ಟೆಲ್ಲ ಆಗಿಬಿಟ್ಟವರನ್ನು ನೋಡಿದರೆ ನನಗೆ ಸ್ವಲ್ಪ ಭಯವೇ ಆಗುತ್ತದೆ. ಇನ್ನು ಇವರಿಗೆ ಕೆಲಸ ಕಲಿಸುವುದು ಹೇಗೆ?

ಇಂಟರ್ನ್‌ಗಳನ್ನು ಆರಿಸುವುದು, ಆಮೇಲೆ ಅವರ ಜೊತೆ ಕೂತು ಕೆಲಸ ಮಾಡಿಸುವುದು ನನ್ನ ಉದ್ಯೋಗದ ಒಂದು ಭಾಗ. ಹಾಗಾಗಿ ಮೇಜಿನ ಈ ಕಡೆ ಕೂತವರಿಗೆ ಏನು ಕಾಣುತ್ತದೆ ಅಂತ ಹೇಳಬಲ್ಲೆ. ವಿದ್ಯಾರ್ಥಿಯ ಅರ್ಜಿ ಕೈಗೆ ಬಂದಾಗ ನಾನು ಹುಡುಕುವುದು ಒಂದೇ ಪ್ರಶ್ನೆಗೆ ಉತ್ತರ. ಇವರಿಗೆ ಒಂದು ಕೆಲಸ ಕೊಟ್ಟು ನಾನು ಅದನ್ನು ಮರೆತುಬಿಡಬಹುದಾ? ಅಥವಾ ಕೊಟ್ಟ ಮೇಲೂ ಅದು ನನ್ನ ತಲೆಯಲ್ಲೇ ಕೂತಿರುತ್ತದಾ?

ಪ್ರೊಫೆಷನಲ್ ಇಮೇಜ್ ಅಂತ ಎಲ್ಲರೂ ಹೇಳುವುದು ಬಹುಮಟ್ಟಿಗೆ ಇಷ್ಟೇ ಅಂತ ನನಗೆ ಅನ್ನಿಸುತ್ತದೆ. ಓದು ಮುಗಿಸಿ ಬಂದವರಿಗೆ ಎಲ್ಲ ಗೊತ್ತಿರುತ್ತದೆ ಅಂತ ಯಾರೂ ಅಂದುಕೊಂಡಿರುವುದಿಲ್ಲ. ಕಲಿಸಬೇಕು ಅಂತ ಗೊತ್ತಿದ್ದೇ ಕರೆಯುತ್ತಾರೆ. ಆದರೆ ಕಲಿಸುವುದರ ಜೊತೆಗೆ ಹಿಂದೆ ಬಿದ್ದು ಕೇಳುವುದು, ನೆನಪಿಸುವುದು, ಮಾಡಿದ್ದು ನಿಜವಾ ಅಂತ ಮತ್ತೆ ನೋಡುವುದು, ಇದೆಲ್ಲ ಸೇರಿದರೆ 'ನಾನೇ ಮಾಡಿ ಮುಗಿಸಿದ್ದರೆ ಆಗಿತ್ತು' ಅನ್ನುವ ಹಂತಕ್ಕೆ ಬರುತ್ತದೆ. ಆ ಮಾತು ಒಮ್ಮೆ ಮೇಲಿನವರ ಬಾಯಲ್ಲಿ ಬಂತೆಂದರೆ ಫೋಟೋ, ಬಿರುದು, ಸರ್ಟಿಫಿಕೇಟು ಯಾವುದೂ ಕೈ ಹಿಡಿಯುವುದಿಲ್ಲ.

ಹಾಗಂತ ಹೊರಗಿನ ನೋಟಕ್ಕೆ ಬೆಲೆ ಇಲ್ಲ ಅಂತಲ್ಲ. ಇದೆ. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಹರಡಿಕೊಂಡು ನೋಡಿದರು. ಮೈಕಟ್ಟಿಗೆ ಬೇರೆ, ಬುದ್ಧಿಗೆ ಬೇರೆ, ಮುಂದಾಳುತನಕ್ಕೆ ಬೇರೆ, ನಡತೆಗೆ ಬೇರೆ ಅಂಕ ಹಾಕಬೇಕಿತ್ತು. ಆದರೆ ಒಂದರಲ್ಲಿ ಚೆನ್ನಾಗಿ ಪಡೆದವರಿಗೆ ಉಳಿದುದರಲ್ಲೂ ಧಾರಾಳವಾಗಿ ಬಿದ್ದಿತ್ತು, ಒಂದರಲ್ಲಿ ಕಡಿಮೆಯಾದವರಿಗೆ ಎಲ್ಲದರಲ್ಲೂ ಕಡಿಮೆ. ಹೇಲೋ ಎಫೆಕ್ಟ್ ಅಂತ ಈಗ ಎಲ್ಲರೂ ಕರೆಯುವುದು ಇದನ್ನೇ. ನಾನು ಅರ್ಜಿ ಓದುವಾಗಲೂ ಇದು ನಡೆಯುತ್ತದೆ, ಗೊತ್ತಿದ್ದೂ ನಡೆಯುತ್ತದೆ. ಪತ್ರದ ಮೊದಲ ಸಾಲಿನಲ್ಲೇ ಬೇರೆ ಕಂಪನಿಯ ಹೆಸರು ಉಳಿದುಹೋಗಿದ್ದರೆ, ಅಂದರೆ ಹಿಂದಿನ ಅರ್ಜಿಯಿಂದ ಕಾಪಿ ಮಾಡಿ ಬದಲಿಸಲು ಮರೆತಿದ್ದರೆ, ಕೆಳಗೆ ಎಷ್ಟೇ ಒಳ್ಳೆಯ ಪ್ರಾಜೆಕ್ಟ್ ಇದ್ದರೂ ಅದನ್ನು ಅನುಮಾನದಿಂದಲೇ ಓದುತ್ತೇನೆ. ಇದು ನ್ಯಾಯವಾ? ಅಲ್ಲ. ಆದರೆ ಓದುವವರು ಮನುಷ್ಯರು, ದಣಿದಿರುತ್ತಾರೆ, ಮುಂದೆ ಇನ್ನೂ ನೂರು ಅರ್ಜಿ ಇರುತ್ತದೆ.

ಕೆಲಸ ಕೇಳುವ ಪತ್ರ ಅಂದಾಗ ನನಗೆ ಇಷ್ಟವಾದ ಒಂದು ಹಳೆಯ ಉದಾಹರಣೆ ಇದೆ. ಸುಮಾರು 1482ರಲ್ಲಿ ಲಿಯೊನಾರ್ಡೊ ಡಾ ವಿಂಚಿ, ಆಗ ಮೂವತ್ತರ ಆಸುಪಾಸಿನ ವಯಸ್ಸು, ಮಿಲಾನಿನ ಆಳುಗ ಲುಡೊವಿಕೊ ಸ್ಫೋರ್ಜಾಗೆ ಬರೆದ ಪತ್ರದ ಕರಡು. ಜಗತ್ತಿನ ಮೊದಲ ರೆಸ್ಯೂಮ್ ಅಂತ ಇದನ್ನು ತುಂಬಾ ಕಡೆ ಹೊಗಳುತ್ತಾರೆ. ಅದರಲ್ಲಿ ಪಟ್ಟಿ ಮಾಡಿ ಹೇಳಿರುವುದು ಏನು ಗೊತ್ತಾ? ಹೊತ್ತೊಯ್ಯಬಹುದಾದ ಹಗುರ ಸೇತುವೆ, ಕಂದಕದ ನೀರು ತೆಗೆಯುವ ವಿಧಾನ, ಫಿರಂಗಿ, ಕವಚ ಹೊದಿಸಿದ ಗಾಡಿ. ಚಿತ್ರ ಬರೆಯುತ್ತೇನೆ ಅನ್ನುವ ಮಾತು ಬರುವುದು ಕೊನೆಯಲ್ಲಿ, ಶಾಂತಿಕಾಲಕ್ಕೆ ಇದೂ ಇರಲಿ ಅನ್ನುವ ಹಾಗೆ. ಓದುವವನಿಗೆ ಬೇಕಾದದ್ದನ್ನು ಮೊದಲು ಹೇಳು ಅನ್ನುವ ಪಾಠವನ್ನು ಎಲ್ಲರೂ ಇದರಿಂದ ತೆಗೆಯುತ್ತಾರೆ, ಸರಿಯೇ. ನನಗೆ ಮುಖ್ಯ ಅನ್ನಿಸುವುದು ಅದರ ಕಟ್ಟಕಡೆಯ ಮಾತು. ಇದರಲ್ಲಿ ಯಾವುದಾದರೂ ಆಗದ ಕೆಲಸ ಅಂತ ಯಾರಿಗಾದರೂ ಅನ್ನಿಸಿದರೆ, ನಿಮ್ಮ ಉದ್ಯಾನದಲ್ಲೋ ನೀವು ಹೇಳಿದ ಜಾಗದಲ್ಲೋ ಮಾಡಿ ತೋರಿಸಲು ಸಿದ್ಧ, ಅಂತ ಬರೆದು ಮುಗಿಸುತ್ತಾರೆ. ಇದನ್ನು ಮಾತ್ರ ಯಾರೂ ಕಾಪಿ ಮಾಡುವುದಿಲ್ಲ! ಬೇಕಿದ್ದರೆ ಪರೀಕ್ಷೆ ಮಾಡಿ ನೋಡಿ ಅಂತ ಹೇಳುವ ಅರ್ಜಿ ನನಗೆ ಬರುವುದು ಬಹಳ ಅಪರೂಪ. ಬಂದರೆ ಅದನ್ನು ಪಕ್ಕಕ್ಕೆ ತೆಗೆದಿಡುತ್ತೇನೆ.

ರೆಸ್ಯೂಮಿನ ಒಂದು ಸಾಲನ್ನು ಹತ್ತಿರದಿಂದ ನೋಡೋಣ. 'ಕಾಲೇಜಿನ ಕಾರ್ಯಕ್ರಮದ ಆಯೋಜನೆಯಲ್ಲಿ ಸಕ್ರಿಯವಾಗಿ ಪಾಲ್ಗೊಂಡಿದ್ದೇನೆ.' ಈ ಸಾಲು ಎಲ್ಲರ ರೆಸ್ಯೂಮಿನಲ್ಲೂ ಇರುತ್ತದೆ, ಏನನ್ನೂ ಹೇಳುವುದಿಲ್ಲ. ಕುರ್ಚಿ ಜೋಡಿಸಿದಿರಾ, ಲೆಕ್ಕ ನೋಡಿದಿರಾ, ಸುಮ್ನೆ ಬ್ಯಾಡ್ಜ್ ಹಾಕಿಕೊಂಡು ಓಡಾಡಿದಿರಾ? ಹೀಗೆ ಬರೆದಿದ್ದರೆ ಹೇಗಿರುತ್ತಿತ್ತು ನೋಡಿ: 'ನೋಂದಣಿ ಪೂರ್ತಿ ನನ್ನ ಜವಾಬ್ದಾರಿಯಾಗಿತ್ತು. 400 ಹೆಸರುಗಳನ್ನು ಒಂದೇ ಸ್ಪ್ರೆಡ್‌ಶೀಟಿಗೆ ತಂದೆ, ಎರಡು ಸಲ ಹಣ ಕಟ್ಟಿದವರನ್ನು ಪತ್ತೆ ಮಾಡಿ ವಾಪಸ್ ಕೊಡಿಸಿದೆ.' ಕೆಲಸ ದೊಡ್ಡದೇನಲ್ಲ. ಆದರೆ ಓದಿದ ಕೂಡಲೇ ನನಗೆ ಆ ವ್ಯಕ್ತಿ ಕಾಣುತ್ತಾರೆ. ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆಯಲ್ಲ ಅಂತ ನಿಂತು ನೋಡಿದವರು, ನೋಡಿ ಸುಮ್ಮನಾಗದೆ ಹಣ ತಲುಪುವ ತನಕ ಬಿಡದೆ ಇದ್ದವರು. ಇಂಥವರಿಗೆ ಕೆಲಸ ಕೊಟ್ಟು ಮರೆಯಬಹುದು ಅಲ್ವಾ?

ಗುಂಪಿನಲ್ಲಿ ಮಾಡಿದ ಪ್ರಾಜೆಕ್ಟ್ ಆದರೆ ನಿಮ್ಮ ಪಾಲು ಯಾವುದು ಅಂತ ಬಿಡಿಸಿ ಹೇಳಿ. ನಾಲ್ಕು ಜನರ ಗುಂಪಿನಲ್ಲಿ ನಾಲ್ಕೂ ಜನ 'ನಾನು ಇಡೀ ಆ್ಯಪ್ ಕಟ್ಟಿದೆ' ಅಂತ ಬರೆದು, ಆ ನಾಲ್ಕೂ ಅರ್ಜಿ ಒಬ್ಬರ ಮೇಜಿಗೇ ಬರುವುದು ನೀವು ಅಂದುಕೊಂಡಷ್ಟು ಅಪರೂಪವಲ್ಲ. ಅಂದ ಹಾಗೆ ಭಾಷೆಗಳಿಗೆ, ಸಾಫ್ಟ್‌ವೇರುಗಳಿಗೆ ತಮಗೆ ತಾವೇ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟುಕೊಳ್ಳುವುದನ್ನು ದಯವಿಟ್ಟು ಬಿಡಿ. ಯಾರ ಲೆಕ್ಕದ ನಾಲ್ಕು ಅದು? ಫೈಲಿಗೆ ನಿಮ್ಮ ಹೆಸರಿಡಿ. 'ರೆಸ್ಯೂಮ್ ಫೈನಲ್ ಹೊಸದು 3' ಅಂತ ಕಳಿಸಿದರೆ ನನ್ನ ಫೋಲ್ಡರಿನಲ್ಲಿ ಅದೇ ಹೆಸರಿನ ಇನ್ನಷ್ಟು ಫೈಲುಗಳ ನಡುವೆ ಅದು ಕಳೆದುಹೋಗುತ್ತದೆ.

ಈಗ ಎಐ ಕೈಲಿ ಬರೆಸಿದ ಪತ್ರಗಳ ಕಾಲ. ನನಗೆ ಅದರ ಮೇಲೆ ಸಿಟ್ಟೇನೂ ಇಲ್ಲ, ತಪ್ಪು ತಿದ್ದಿಸಿಕೊಂಡರೆ ಒಳ್ಳೆಯದೇ. ತೊಂದರೆ ಏನೆಂದರೆ ಎಲ್ಲ ಪತ್ರಗಳೂ ಒಂದೇ ದನಿಯಲ್ಲಿ ಮಾತಾಡುತ್ತಿವೆ. ಎಲ್ಲರೂ 'ಅತ್ಯಂತ ಉತ್ಸುಕರು', ಎಲ್ಲರ ಕೌಶಲವೂ ನಮ್ಮ ಸಂಸ್ಥೆಯ ಧ್ಯೇಯಕ್ಕೆ 'ಸಂಪೂರ್ಣ ಹೊಂದುತ್ತದೆ'. ಹತ್ತು ಪತ್ರ ಓದುವಷ್ಟರಲ್ಲಿ ಕಣ್ಣು ಜಾರಲು ಶುರು. ಅಷ್ಟರ ನಡುವೆ ಯಾರೋ ಒಬ್ಬರು ಸ್ವಲ್ಪ ಒರಟಾಗಿಯೇ, 'ನಿಮ್ಮ ವೆಬ್‌ಸೈಟಿನ ಹುಡುಕುವ ಪೆಟ್ಟಿಗೆಯಲ್ಲಿ ಒಂದಕ್ಷರ ತಪ್ಪಿದರೂ ಏನೂ ಸಿಗುವುದಿಲ್ಲ, ಅದನ್ನು ಸರಿಮಾಡುವ ಒಂದು ದಾರಿ ನನಗೆ ಹೊಳೆದಿದೆ' ಅಂತ ಬರೆದರೆ ಕಣ್ಣು ಅಲ್ಲೇ ನಿಲ್ಲುತ್ತದೆ.

ಇಷ್ಟೆಲ್ಲ ಒಳಗೆ ಬರುವ ಮುಂಚಿನ ಮಾತು. ನಿಜವಾದ ಇಮೇಜ್ ಶುರುವಾಗುವುದು ಮೊದಲ ಕೆಲಸ ಕೈಗೆ ಬಂದ ಮೇಲೆ, ಅದೂ ಸಣ್ಣ ಸಣ್ಣ ಮೆಸೇಜುಗಳಲ್ಲಿ.

'ಶುಕ್ರವಾರಕ್ಕೆ ಆಗುತ್ತದಾ?' ಅಂತ ಕೇಳುತ್ತೇನೆ. 'ಟ್ರೈ ಮಾಡ್ತೀನಿ' ಅಂತ ಉತ್ತರ ಬರುತ್ತದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಆಗುತ್ತದೆ ಅಂತಲೂ ಅಲ್ಲ, ಆಗುವುದಿಲ್ಲ ಅಂತಲೂ ಅಲ್ಲ. ವಿನಯಕ್ಕೆ ಹಾಗೆ ಹೇಳುತ್ತಾರೆ ಅಂತ ಗೊತ್ತು, ದೊಡ್ಡವರಿಗೆ ಆಗಲ್ಲ ಅನ್ನುವುದು ಹೇಗೆ ಅನ್ನುವ ಸಂಕೋಚವೂ ಗೊತ್ತು. ಆದರೆ ಆ ಉತ್ತರ ಕೇಳಿದ ಕ್ಷಣದಿಂದ ಆ ಕೆಲಸ ನನ್ನ ತಲೆಗೆ ವಾಪಸ್ ಬಂದು ಕೂರುತ್ತದೆ. ಬುಧವಾರ ನೆನಪಾಗುತ್ತದೆ, ಕೇಳಲಾ ಬೇಡವಾ ಅಂತ ಯೋಚಿಸುತ್ತೇನೆ, ಗುರುವಾರ ಕೇಳುತ್ತೇನೆ, 'ನಡೀತಾ ಇದೆ' ಅನ್ನುತ್ತಾರೆ. ಶುಕ್ರವಾರ ಸಂಜೆ ಆರಕ್ಕೆ ಒಂದು ಉದ್ದನೆಯ ಕ್ಷಮಾಪಣೆ ಬರುತ್ತದೆ. ಆ ಹೊತ್ತಿಗೆ ನಾನು ಮಾಡಬಹುದಾದದ್ದು ಏನೂ ಉಳಿದಿರುವುದಿಲ್ಲ.

ಇನ್ನೊಬ್ಬ ಇಂಟರ್ನ್, ಮಾತು ಕಡಿಮೆ, ಮೀಟಿಂಗಿನಲ್ಲಿ ಬಾಯಿ ಬಿಟ್ಟಿದ್ದೇ ಅಪರೂಪ. ಅವಳಿಗೂ ಇಂಥದೇ ಒಂದು ಕೆಲಸ ಕೊಟ್ಟಿದ್ದೆ. ಬುಧವಾರ ಬೆಳಿಗ್ಗೆ ಅವಳಿಂದ ಬಂದ ಮೆಸೇಜ್ ಹೆಚ್ಚು ಕಡಿಮೆ ಹೀಗಿತ್ತು: 'ಮೂರು ವರದಿಗಳಲ್ಲಿ ಎರಡು ಶುಕ್ರವಾರಕ್ಕೆ ಮುಗಿಯುತ್ತವೆ. ಮೂರನೆಯದಕ್ಕೆ ಬೇಕಾದ ಡೇಟಾ ಇನ್ನೂ ಬಂದಿಲ್ಲ, ನಿನ್ನೆ ಒಮ್ಮೆ ಕೇಳಿದ್ದೇನೆ, ಇವತ್ತು ಮಧ್ಯಾಹ್ನ ಮತ್ತೆ ಕೇಳುತ್ತೇನೆ. ಅದು ಸೋಮವಾರ ಮಧ್ಯಾಹ್ನ ಕೊಟ್ಟರೆ ನಡೆಯುತ್ತದಾ, ಇಲ್ಲ ಇರುವ ಎರಡನ್ನೇ ಶುಕ್ರವಾರ ಕಳಿಸಿಬಿಡಲಾ?'

ಈ ಮೆಸೇಜಿನಲ್ಲಿ ಏನೇನಿದೆ ನೋಡಿ. ಕೆಲಸ ತಡವಾಗುತ್ತಿದೆ ಅನ್ನುವ ಸುದ್ದಿ ಇದೆ, ಆದರೆ ಇನ್ನೂ ಎರಡು ದಿನ ಕೈಯಲ್ಲಿರುವಾಗ ಬಂದಿದೆ. ಎಷ್ಟು ಆಗಿದೆ, ಎಷ್ಟು ಆಗಿಲ್ಲ, ಯಾಕೆ ಆಗಿಲ್ಲ, ಅದಕ್ಕೆ ತಾನು ಏನು ಮಾಡಿದ್ದೇನೆ, ಮುಂದೆ ಏನು ಮಾಡುತ್ತೇನೆ, ಎಲ್ಲ ಇದೆ. ಯಾರ ಮೇಲೂ ದೂರಿಲ್ಲ. ನಾನು ತಲೆ ಕೆಡಿಸಿಕೊಳ್ಳಬೇಕಾದ್ದು ಒಂದೇ, ಸೋಮವಾರವಾ ಶುಕ್ರವಾರವಾ ಅಂತ ಒಂದು ಪದ ಟೈಪ್ ಮಾಡುವುದು. ಕ್ಷಮಾಪಣೆ ಒಂದೂ ಇಲ್ಲ, ಬೇಕೂ ಇರಲಿಲ್ಲ. ಆ ವಾರ ಅವಳ ಎರಡು ವರದಿಗಳಲ್ಲಿ ಒಂದರಲ್ಲಿ ಸಣ್ಣ ತಪ್ಪೂ ಇತ್ತು, ತಿದ್ದಿದೆವು. ಆದರೆ ಅವಳ ಬಗ್ಗೆ ನನಗೆ ಮೂಡಿದ ಅಭಿಪ್ರಾಯ ಬುಧವಾರವೇ ಮೂಡಿಯಾಗಿತ್ತು.

ಮಾತಾಡಲು ಸಂಕೋಚ ಪಡುವವರಿಗೆ ಇದನ್ನು ಒತ್ತಿ ಹೇಳಬೇಕು. ಇಮೇಜ್ ಕಟ್ಟುವುದು ಬಾಯಿ ಜೋರಿರುವವರ ಆಟ, ನಮ್ಮಂಥವರಿಗಲ್ಲ ಅಂತ ಅಂದುಕೊಂಡು ಹಿಂದೆ ನಿಲ್ಲುತ್ತಾರೆ. ಮೊದಲ ವಾರ ಬಾಯಿ ಜೋರಿರುವವರು ಗೆಲ್ಲುತ್ತಾರೆ, ನಿಜ. ಮೂರನೆಯ ವಾರದ ಹೊತ್ತಿಗೆ ಯಾರ ಮೆಸೇಜ್ ಬಂದರೆ ಸಮಾಧಾನ, ಯಾರದು ಬಂದರೆ ಎದೆ ಧಸಕ್ ಅನ್ನುತ್ತದೆ ಅನ್ನುವುದು ಇಡೀ ತಂಡಕ್ಕೆ ಗೊತ್ತಾಗಿರುತ್ತದೆ.

ಅನುಮಾನ ಕೇಳುವುದರ ಬಗ್ಗೆಯೂ ಎರಡು ಮಾತು. ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಅನ್ನುವ ಭಯಕ್ಕೆ ಎರಡು ದಿನ ಒಂದೇ ಕಡೆ ಸಿಕ್ಕಿಹಾಕಿಕೊಂಡು ಕೂರುವವರಿದ್ದಾರೆ, ಐದು ನಿಮಿಷಕ್ಕೊಂದು ಪ್ರಶ್ನೆ ಕಳಿಸುವವರೂ ಇದ್ದಾರೆ. ಎರಡೂ ಕಷ್ಟ. ಪ್ರಶ್ನೆಯ ಜೊತೆ 'ಇದನ್ನು ಮಾಡಿ ನೋಡಿದೆ, ಹೀಗಾಯಿತು, ಹಾಗಾಗಿ ಇಲ್ಲಿ ತಪ್ಪಿದೆ ಅಂತ ಅನ್ನಿಸುತ್ತಿದೆ' ಅಂತ ಸೇರಿಸಿದರೆ ಅದೇ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ, ಸಾಕು. ಅದೇ ಪ್ರಶ್ನೆ ಮೂರನೆಯ ಸಲ ಬಂದಾಗ ಮಾತ್ರ ಜನರಿಗೆ ಬೇಜಾರಾಗುವುದು.

'ಇದೆಲ್ಲ ಒಂಥರಾ ನಾಟಕ ಅಲ್ವಾ?' ಅಂತ ಕೇಳುವವರೂ ಇದ್ದಾರೆ. ಒಳ್ಳೆಯ ಪ್ರಶ್ನೆ. ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್ಮನ್ ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಒಂದು ಹೋಟೆಲಿನಲ್ಲಿ ಜನರನ್ನು ಗಮನಿಸಿ, ಅಲ್ಲಿನ ಕೆಲಸಗಾರರು ಅಡುಗೆಮನೆಯಲ್ಲಿ ಒಂದು ರೀತಿ, ಬಾಗಿಲು ದಾಟಿ ಊಟದ ಕೋಣೆಗೆ ಬಂದರೆ ಇನ್ನೊಂದು ರೀತಿ ಇರುತ್ತಾರೆ ಅಂತ 1950ರ ದಶಕದಲ್ಲೇ ಬರೆದರು. ನಾವೆಲ್ಲರೂ ದಿನವೂ ಹೀಗೆ ವೇದಿಕೆ ಹತ್ತಿ ಇಳಿಯುತ್ತಿರುತ್ತೇವೆ ಅನ್ನುವುದು ಅವರ ವಾದ. ಗೆಳೆಯರ ಜೊತೆ ಒಂದು, ಮೇಷ್ಟ್ರ ಮುಂದೆ ಒಂದು, ಇದು ನಮಗೆ ಹೊಸದೂ ಅಲ್ಲ, ಮೋಸವೂ ಅಲ್ಲ. ನನ್ನ ಚಿಂತೆ ಬೇರೆ. ಎಷ್ಟು ದಿನ ನಡೆಸಬಲ್ಲಿರಿ ಅನ್ನುವುದು. ಇಂಟರ್‌ವ್ಯೂನಲ್ಲಿ 'ನನಗೆ ಒತ್ತಡ ಅಂದರೆ ಇಷ್ಟ' ಅಂತ ಹೇಳಿಬಿಟ್ಟರೆ ಒತ್ತಡದ ಕೆಲಸವನ್ನೇ ಕೊಡುತ್ತಾರೆ, ಆಮೇಲೆ ದಿನಾ ಬೆಳಗಾದರೆ ಆ ಪಾತ್ರ ಮಾಡಬೇಕು.

ಬಟ್ಟೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶುಭ್ರವಾಗಿರಲಿ, ಅಲ್ಲಿ ಕೆಲಸ ಮಾಡುವವರು ಹೇಗೆ ಬರುತ್ತಾರೋ ಅದಕ್ಕಿಂತ ತುಸು ನೀಟಾಗಿರಲಿ, ಮುಗಿಯಿತು.

ಇನ್ನು ಲಿಂಕ್ಡ್‌ಇನ್. 2003ರಲ್ಲಿ ಶುರುವಾದ ಈ ತಾಣ ಇರುವುದೇ ಉದ್ಯೋಗದ ಪರಿಚಯಗಳಿಗಾಗಿ. ಅಲ್ಲಿ ಈಗ ಹಬ್ಬಿರುವ 'ನೀವೇ ಒಂದು ಬ್ರ್ಯಾಂಡ್' ಎಂಬ ಉಪದೇಶ ಅದಕ್ಕಿಂತ ಹಳೆಯದು, 1997ರಲ್ಲಿ ಟಾಮ್ ಪೀಟರ್ಸ್ ಎಂಬ ಮ್ಯಾನೇಜ್‌ಮೆಂಟ್ ಬರಹಗಾರ ಫಾಸ್ಟ್ ಕಂಪನಿ ಪತ್ರಿಕೆಯಲ್ಲಿ ಬರೆದ ಮೇಲೆ ಜನಪ್ರಿಯವಾಯಿತು. ಹತ್ತು ವರ್ಷ ಕೆಲಸ ಮಾಡಿ ಹೆಸರು ಸಂಪಾದಿಸಿದವರಿಗೆ ಆ ಮಾತು ಒಪ್ಪಬಹುದು. ವಿದ್ಯಾರ್ಥಿಗಳ ಕೈಗೆ ಬಂದಾಗ ಅದು, ಸರಕು ಬರುವ ಮುಂಚೆಯೇ ಅಂಗಡಿಗೆ ಬೋರ್ಡು ಬರೆಸಿದ ಹಾಗಾಗುತ್ತದೆ. ಎರಡು ಗಂಟೆಯ ಆನ್‌ಲೈನ್ ಕೋರ್ಸ್ ಮುಗಿಸಿ 'ಹೇಳಲು ಅತೀವ ಸಂತೋಷವಾಗುತ್ತಿದೆ' ಅಂತ ಪೋಸ್ಟ್, ಕೆಳಗೆ ಗೆಳೆಯರ ಅಭಿನಂದನೆ, ನಾಳೆ ಗೆಳೆಯರ ಪೋಸ್ಟಿಗೆ ಇವರ ಅಭಿನಂದನೆ. ತಪ್ಪೇನಿಲ್ಲ, ಖುಷಿ ಹಂಚಿಕೊಳ್ಳಲಿ. ಆದರೆ ಆರಿಸುವವರು ಅದನ್ನು ಓದುವುದಿಲ್ಲ ಅನ್ನುವುದು ಗೊತ್ತಿರಲಿ. ಅದರ ಬದಲು ಯಾವುದಾದರೂ ಒಂದು ಕೆಲಸವನ್ನು ಹೇಗೆ ಮಾಡಿದಿರಿ, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದಿರಿ ಅಂತ ಒಂದು ಪುಟ ಬರೆದು ಹಾಕಿದರೆ ಅದನ್ನು ನಾನಂತೂ ಕೊನೆಯವರೆಗೆ ಓದುತ್ತೇನೆ.

ಲಾಗಿನ್ ಇಲ್ಲದ ಬ್ರೌಸರಿನಲ್ಲಿ ನಿಮ್ಮ ಹೆಸರು ಹಾಕಿ ಒಮ್ಮೆ ಹುಡುಕಿ ನೋಡಿ. ಹೈಸ್ಕೂಲಿನಲ್ಲಿದ್ದಾಗ ಯಾರಿಗೋ ಬೈದು ಬರೆದ ಕಾಮೆಂಟು ಮೇಲೆ ಬಂದರೆ ಅಳಿಸಿ. ಗೆಳೆಯರ ಜೊತೆ ಕುಣಿದ ವಿಡಿಯೋ ಬಂದರೆ ಇರಲಿ ಬಿಡಿ, ಕುಣಿಯುವವರಿಗೂ ಕೆಲಸ ಕೊಡುತ್ತಾರೆ.

ತಾಣಕ್ಕಿಂತ ಅಲ್ಲಿರುವ ಜನ ಮುಖ್ಯ, ಅದರಲ್ಲೂ ಅಷ್ಟಾಗಿ ಪರಿಚಯವಿಲ್ಲದ ಜನ. ಇದು ವಿಚಿತ್ರ ಅನ್ನಿಸಬಹುದು. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ, ಬೋಸ್ಟನ್ ಹತ್ತಿರ ಹೊಸದಾಗಿ ಕೆಲಸ ಬದಲಿಸಿದವರನ್ನು ಮಾತಾಡಿಸಿ ಬರೆದ ಪ್ರಬಂಧ ಪ್ರಕಟವಾಯಿತು. ಪರಿಚಿತರ ಮೂಲಕ ಕೆಲಸ ಸಿಕ್ಕವರಿಗೆ, ಆ ಪರಿಚಿತರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ ಕೇಳಿದ್ದರು. ಆಗಾಗ ಭೇಟಿಯಾಗುತ್ತಿದ್ದವರ ಮೂಲಕ ಸಿಕ್ಕಿದ್ದು ಶೇಕಡ 17ರಷ್ಟು ಜನರಿಗೆ ಮಾತ್ರ. ಉಳಿದವರಿಗೆ ಸುದ್ದಿ ಕೊಟ್ಟವರು ಯಾವಾಗಲೋ ಒಮ್ಮೆ ಸಿಗುವವರು, ಎಷ್ಟೋ ಸಲ ಸಂಪರ್ಕವೇ ತಪ್ಪಿಹೋಗಿದ್ದವರು. ಕಾರಣ ಸರಳ. ನಿಮ್ಮ ಆಪ್ತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ಹೊರಗಿನ ಬಳಗದಿಂದ. ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ಐದು ವರ್ಷ ನಡೆಸಿದ ಪ್ರಯೋಗಗಳ ಫಲಿತಾಂಶ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅದೂ ಹೆಚ್ಚು ಕಡಿಮೆ ಇದನ್ನೇ ಹೇಳಿತು, ಒಂದು ತಿದ್ದುಪಡಿಯೊಂದಿಗೆ: ಕೆಲಸ ಬದಲಿಸಲು ಹೆಚ್ಚು ನೆರವಾದದ್ದು ತೀರಾ ದೂರದವರಲ್ಲ, ತಕ್ಕಮಟ್ಟಿಗೆ ಪರಿಚಯ ಇದ್ದವರು.

ಈ ತಕ್ಕಮಟ್ಟಿನ ಪರಿಚಿತರು ವಿದ್ಯಾರ್ಥಿಗಳಿಗೆ ಯಾರು? ಬೇರೆ ವಿಭಾಗದ ಸೀನಿಯರ್, ಒಂದೇ ಸೆಮಿಸ್ಟರ್ ಪಾಠ ಮಾಡಿದ ಮೇಷ್ಟ್ರು, ಒಂದು ತಿಂಗಳ ಇಂಟರ್ನ್‌ಶಿಪ್‌ನಲ್ಲಿ ಪಕ್ಕದ ಮೇಜಿನಲ್ಲಿ ಕೂತಿದ್ದವರು. ಇವರಿಗೆ ನಿಮ್ಮ ಬಗ್ಗೆ ಪೂರ್ತಿ ಗೊತ್ತಿರುವುದಿಲ್ಲ. ನೆನಪಿರುವುದು ಒಂದೋ ಎರಡೋ ಸಂಗತಿ. ಆ ಹುಡುಗ ಸ್ಲೈಡ್ ಕೊಡುತ್ತೇನೆ ಅಂದ ದಿನವೇ ಕೊಟ್ಟಿದ್ದ. ಆ ಹುಡುಗಿ ಅರ್ಧಕ್ಕೆ ಫೋನ್ ಎತ್ತುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ನಾಲ್ಕು ವರ್ಷ ಬಿಟ್ಟು ಯಾರಾದರೂ ಇವರನ್ನು ಕೇಳಿದರೆ ಬಾಯಿಗೆ ಬರುವುದು ಅದೇ. ಆಪ್ತ ಗೆಳೆಯರು ನಿಮ್ಮ ಒಂದು ಕೆಟ್ಟ ವಾರವನ್ನು ಹತ್ತು ಒಳ್ಳೆಯ ವಾರಗಳ ಜೊತೆ ತೂಗಿ ನೋಡುತ್ತಾರೆ. ಇವರ ಬಳಿ ತೂಗಲು ಬೇರೇನೂ ಇರುವುದಿಲ್ಲ.

ಅಂಥವರ ಹತ್ತಿರ ಶಿಫಾರಸು ಪತ್ರ ಕೇಳುವಾಗ ಸ್ವಲ್ಪ ಜಾಗ್ರತೆ ಬೇಕು. ನಾಳೆಗೆ ಬೇಕು ಅಂತ ಇವತ್ತು ಕೇಳಬೇಡಿ. 'ನನ್ನ ಬಗ್ಗೆ ಬರೆಯುವಷ್ಟು ನಿಮಗೆ ಗೊತ್ತಿದೆ ಅನ್ನಿಸಿದರೆ ಮಾತ್ರ' ಅಂತ ಒಂದು ಮಾತು ಸೇರಿಸಿ, ಇಲ್ಲ ಅನ್ನಲು ಅವರಿಗೂ ದಾರಿ ಇರಲಿ. ಮನಸ್ಸಿಲ್ಲದೆ ಬರೆದ ಶಿಫಾರಸು ಎರಡು ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ, ಅದಕ್ಕಿಂತ ಇಲ್ಲದಿರುವುದೇ ವಾಸಿ. ಅವರ ಜೊತೆ ಯಾವಾಗ, ಏನು ಕೆಲಸ ಮಾಡಿದಿರಿ, ಯಾವ ಹುದ್ದೆಗೆ ಹಾಕುತ್ತಿದ್ದೀರಿ, ಕೊನೆಯ ದಿನ ಯಾವುದು, ಇಷ್ಟನ್ನು ಒಂದೇ ಮೇಲ್‌ನಲ್ಲಿ ಬರೆದು ಕೊಡಿ. ಹಳೆಯದನ್ನೆಲ್ಲ ಅವರೇ ಕೆದಕಿ ತೆಗೆಯಬೇಕಾಗಿ ಬರಬಾರದು.

ಫಲಿತಾಂಶ ಬಂದ ಮೇಲೆ ಒಂದು ಸಾಲು ಬರೆದು ತಿಳಿಸಿ. ಕೆಲಸ ಸಿಕ್ಕಾಗ ಎಲ್ಲರೂ ತಿಳಿಸುತ್ತಾರೆ, ಸಿಗದಿದ್ದಾಗ ಮಾಯವಾಗುತ್ತಾರೆ, ಬರೆದುಕೊಟ್ಟವರಿಗೆ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. 'ಈ ಸಲ ಆಗಲಿಲ್ಲ, ನೀವು ಬರೆದುಕೊಟ್ಟಿದ್ದಕ್ಕೆ ಥ್ಯಾಂಕ್ಸ್, ಮತ್ತೆ ಬೇರೆ ಕಡೆ ಹಾಕುತ್ತಿದ್ದೇನೆ' ಅಂತ ನನಗೆ ಬರೆದವರು ಕೆಲವೇ ಜನ. ಅವರಲ್ಲಿ ಒಂದಿಬ್ಬರ ಹೆಸರನ್ನು ಆಮೇಲೆ ಅವರು ಕೇಳದೆಯೇ ಬೇರೆ ಕಡೆಗೆ ಕಳಿಸಿದ್ದೇನೆ.